ಗೋಟೂ ಬರೆದಿದ್ದಕ್ಕೆ ಅಂಕ ಹೋಯಿತು: ಎರಡು ಲೂಪ್‌ಗಳಿಂದ ಒಂದೇ ಸಲಕ್ಕೆ ಹೊರಬರುವುದು ಹೇಗೆ?

ಅರ್ಧವಿರಾಮ · ಶನಿವಾರ, ಸಂಜೆ 6:10

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಎರಡನೇ ಸೆಮಿಸ್ಟರ್‌ನಲ್ಲಿ ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಕಳೆದ ವಾರ ಲ್ಯಾಬ್ ಪರೀಕ್ಷೆಯಲ್ಲಿ ಒಂದು ಮ್ಯಾಟ್ರಿಕ್ಸ್ ಕೊಟ್ಟು, ಅದರಲ್ಲಿ ಒಂದು ಸಂಖ್ಯೆ ಎಲ್ಲಿದೆ ಎಂದು ಹುಡುಕಿ ಅಡ್ಡಸಾಲು ಮತ್ತು ಕಂಬಸಾಲನ್ನು ಮುದ್ರಿಸಿ ಎಂದು ಕೇಳಿದ್ದರು. ಹೊರಗಿನ ಫಾರ್ ಲೂಪ್ (ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಹೇಳಿಕೆ) ಅಡ್ಡಸಾಲಿಗೆ (ಐ), ಒಳಗಿನದು ಕಂಬಸಾಲಿಗೆ (ಜೆ). ಸಂಖ್ಯೆ ಸಿಕ್ಕ ಕೂಡಲೇ ಲೂಪ್ ಬಿಟ್ಟು ಹೊರಬರಲು ಬ್ರೇಕ್ ಹಾಕಿದೆ. ಮೂರು ಸಾಲು, ನಾಲ್ಕು ಕಂಬದ ಮ್ಯಾಟ್ರಿಕ್ಸ್‌ನಲ್ಲಿ 17 ಇದ್ದದ್ದು ಐ 1, ಜೆ 2ರ ಜಾಗದಲ್ಲಿ. ನನ್ನ ಪ್ರೋಗ್ರಾಂ ಮುದ್ರಿಸಿದ್ದು 3 ಮತ್ತು 4. ಸಿಯಲ್ಲಿ ಎಣಿಕೆ 0ಯಿಂದ ಶುರು, ಹಾಗಾಗಿ ಆ ಜಾಗವೇ ಮ್ಯಾಟ್ರಿಕ್ಸ್‌ನಲ್ಲಿ ಇಲ್ಲ!

ಸಮಯ ಕಡಿಮೆ ಇತ್ತು. ಬ್ರೇಕ್ ಅಳಿಸಿ, ಎರಡೂ ಲೂಪ್‌ಗಳ ಕೆಳಗೆ 'ಸಿಕ್ಕಿತು' ಎಂಬ ಅರ್ಥದ ಒಂದು ಲೇಬಲ್ (ಸಾಲಿಗೆ ಕೊಡುವ ಹೆಸರು) ಇಟ್ಟು ಅಲ್ಲಿಗೆ ನೇರವಾಗಿ ಹಾರುವ ಗೋಟೂ ಬರೆದೆ. ಉತ್ತರ ಸರಿಯಾಗಿ ಬಂತು. ಆದರೆ ಆ ಸಾಲಿನ ಸುತ್ತ ಕೆಂಪು ಗೆರೆ ಎಳೆದು ಮೂರು ಅಂಕ ಕಳೆದರು. ಕಾರಣ ಕೇಳಿದಾಗ 'ಗೋಟೂ ಬಳಸಬಾರದು' ಎಂದಷ್ಟೇ ಹೇಳಿದರು. ಅಂಕದ ದೂರು ಹೇಳಲು ಬಂದಿಲ್ಲ. ಬ್ರೇಕ್ ಏಕೆ ಸೋತಿತು, ಗೋಟೂ ಏಕೆ ತಪ್ಪು, ಎರಡೂ ತಿಳಿಯಬೇಕು.

ಹಳೆಲೆಕ್ಕ · ಶನಿವಾರ, ಸಂಜೆ 6:55

ಒಳ್ಳೆಯ ಪ್ರಶ್ನೆ. ಮೊದಲು ಆ 3 ಮತ್ತು 4 ಎಲ್ಲಿಂದ ಬಂದವು ಎಂದು ನೋಡೋಣ. ಇಷ್ಟು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ.

ಐ 1, ಜೆ 2 ಇದ್ದಾಗ 17 ಸಿಕ್ಕಿತು, ಬ್ರೇಕ್ ಓಡಿತು. ಬ್ರೇಕ್ ತನ್ನನ್ನು ಸುತ್ತಿರುವ ಅತಿ ಹತ್ತಿರದ ಲೂಪ್ ಅಥವಾ ಸ್ವಿಚ್‌ನಿಂದ (ಬೆಲೆ ನೋಡಿ ಹಲವು ಕೇಸ್‌ಗಳಲ್ಲಿ ಒಂದನ್ನು ಆರಿಸುವ ಹೇಳಿಕೆ) ಮಾತ್ರ ಹೊರಗೆ ಬರುತ್ತದೆ. ನಿಮ್ಮಲ್ಲಿ ಅದು ಒಳಗಿನ ಲೂಪ್. ಹೊರಗಿನ ಲೂಪ್‌ಗೆ ಏನೂ ಗೊತ್ತಾಗಲಿಲ್ಲ. ಅದು ಐಯನ್ನು 2 ಮಾಡಿ ಮುಂದಿನ ಸಾಲಿಗೆ ಹೋಯಿತು. ಆ ಸಾಲಿನಲ್ಲಿ 17 ಇಲ್ಲ, ಆದ್ದರಿಂದ ಜೆ 4 ಆಗುವವರೆಗೆ ಓಡಿ ನಿಂತಿತು. ಮತ್ತೆ ಐ 3 ಆಯಿತು, ಹೊರಗಿನ ಲೂಪೂ ಮುಗಿಯಿತು. ನೀವು ಮುದ್ರಿಸಿದ್ದು ಎರಡೂ ಲೂಪ್‌ಗಳು ಮುಗಿದ ಮೇಲೆ ಉಳಿದ ಬೆಲೆಗಳನ್ನು.

ಸಿ ಭಾಷೆಯ ಮಾನಕದಲ್ಲಿ ಜಂಪ್ ಹೇಳಿಕೆಗಳು ನಾಲ್ಕೇ: ಗೋಟೂ, ಕಂಟಿನ್ಯೂ (ಲೂಪ್‌ನ ಮುಂದಿನ ಸುತ್ತಿಗೆ), ಬ್ರೇಕ್, ರಿಟರ್ನ್ (ಫಂಕ್ಷನ್ ಕರೆದ ಜಾಗಕ್ಕೆ). ನಾಲ್ಕೂ ಒಂದೇ ಜಾತಿಯವು. ಎಲ್ಲವೂ ಷರತ್ತು ಕೇಳದೆ ಬೇರೆ ಕಡೆಗೆ ಹಾರುತ್ತವೆ. ಎಲ್ಲಿಗೆ ಹಾರುತ್ತವೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ನಾನು ಪಾಠ ಮಾಡುವಾಗ ಬಸ್ಸಿನ ಉದಾಹರಣೆ ಕೊಡುತ್ತೇನೆ. ಗೋಟೂ ಬೋರ್ಡ್ ಇರುವ ಬಸ್ಸು, ಎಲ್ಲಿಗೆ ಹೋಗುತ್ತದೆ ಎಂದು ಬರೆದೇ ಇದೆ. ಬ್ರೇಕ್ ಮತ್ತು ಕಂಟಿನ್ಯೂಗಳಿಗೆ ಬೋರ್ಡ್ ಇಲ್ಲ. ಸುತ್ತ ಯಾವ ಲೂಪ್ ಇದೆ, ಯಾವ ಸ್ವಿಚ್ ಇದೆ ಎಂದು ನೋಡಿ ಓದುವವನೇ ತಿಳಿದುಕೊಳ್ಳಬೇಕು. ನಿಮ್ಮ ಪ್ರೋಗ್ರಾಂ ತಪ್ಪಿದ್ದು ಬೋರ್ಡ್ ಇಲ್ಲದ ಬಸ್ಸು ಹತ್ತಿದಾಗ. ಬೋರ್ಡ್ ಇದ್ದ ಬಸ್ಸು ನಿಮ್ಮನ್ನು ಸರಿಯಾದ ಊರಿಗೇ ಇಳಿಸಿತು. ಅಂಕ ಹೋದದ್ದು ಮಾತ್ರ ಎರಡನೆಯದಕ್ಕೆ.

ಕೆಂಪುಶಾಯಿ · ಶನಿವಾರ, ರಾತ್ರಿ 8:20

ನಾನೂ ಲ್ಯಾಬ್ ಪರೀಕ್ಷಕ, ಬೇರೆ ಕಾಲೇಜಿನಲ್ಲಿ. ಅಂಕ ಕಳೆದವರ ಪರವಾಗಿಯೂ ಒಂದು ಮಾತು ಹೇಳಬೇಕು.

ಮೊದಲ ವರ್ಷದವರಿಗೆ ಗೋಟೂ ಕೈಗೆ ಕೊಟ್ಟರೆ ಅವರು ಅದನ್ನು ಮುಂದಕ್ಕೆ ಹಾರಲು ಮಾತ್ರ ಬಳಸುವುದಿಲ್ಲ. ಹಿಂದಕ್ಕೂ ಹಾರುತ್ತಾರೆ. ಅವಿಭಾಜ್ಯ ಸಂಖ್ಯೆ ಹುಡುಕುವ ಒಂದು ಪ್ರೋಗ್ರಾಂ ತಿದ್ದಿದ್ದೆ. ಅದರಲ್ಲಿ ಒಂದೂ ಲೂಪ್ ಇರಲಿಲ್ಲ, ಲೇಬಲ್‌ಗಳು ಮಾತ್ರ ಮೂರು. ಎರಡನೆಯದರಿಂದ ಮೊದಲನೆಯದಕ್ಕೆ, ಮೂರನೆಯದರಿಂದ ಎರಡನೆಯದರ ನಡುವಿಗೆ. ಯಾವ ಸಾಲಿಗೆ ಬಂದಾಗ ಎಣಿಕೆಯ ವೇರಿಯಬಲ್‌ನಲ್ಲಿ ಎಷ್ಟು ಇರುತ್ತದೆ ಎಂದು ಪೆನ್ಸಿಲ್ ಹಿಡಿದು ಬರೆದರೂ ನನಗೆ ತಿಳಿಯಲಿಲ್ಲ. ಬರೆದ ಹುಡುಗನಿಗೂ ಗೊತ್ತಿರಲಿಲ್ಲ.

ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1968ರ ಮಾರ್ಚ್‌ನಲ್ಲಿ ಬರೆದ ಪ್ರಸಿದ್ಧ ಪತ್ರದ ವಾದ ಇದೇ. ಗೋಟೂ ಹಾನಿಕರ ಎಂಬ ಅರ್ಥದ ಆ ತಲೆಬರಹ ಅವರದಲ್ಲ, ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್ ಕೊಟ್ಟದ್ದು. ತಲೆಬರಹ ಲೋಕಪ್ರಸಿದ್ಧವಾಯಿತು, ವಾದವನ್ನು ಓದಿದವರು ಕಡಿಮೆ. ಓಡುತ್ತಿರುವ ಪ್ರೋಗ್ರಾಂ ಈಗ ಎಲ್ಲಿಯವರೆಗೆ ಬಂದಿದೆ ಎಂದು ಹೇಳಲು ನಮಗೊಂದು ಗುರುತು ಬೇಕು. ಲೂಪ್ ಇದ್ದರೆ 'ಐದನೇ ಸುತ್ತಿನ ಮೂರನೇ ಸಾಲು' ಎನ್ನಬಹುದು. ಮನಬಂದಲ್ಲಿಗೆ ಹಾರುವ ಗೋಟೂ ಈ ಗುರುತನ್ನು ಅಳಿಸಿಹಾಕುತ್ತದೆ.

ಆದರೆ 'ಬಳಸಬಾರದು' ಎಂದಷ್ಟೇ ಹೇಳಿ ಬಿಡುವುದು ಪಾಠವಲ್ಲ, ಒಪ್ಪುತ್ತೇನೆ. ಅಂಕ ಕಳೆದ ಜಾಗದಲ್ಲಿ ಕಾರಣವನ್ನು ಒಂದು ಸಾಲು ಬರೆಯಬೇಕಿತ್ತು.

ಬೆಸುಗೆ · ಶನಿವಾರ, ರಾತ್ರಿ 9:05

ನಾನು ವಾಹನಗಳ ನಿಯಂತ್ರಣ ಪೆಟ್ಟಿಗೆಗಳಿಗೆ ಸಿಯಲ್ಲಿ ಕೋಡ್ ಬರೆಯುವವನು. ಅಲ್ಲಿ ನಮಗೆ ಮಿಸ್ರಾ ಎಂಬ, ಸಿ ಕೋಡ್ ಸುರಕ್ಷಿತವಾಗಿರಲು ಮಾಡಿದ ನಿಯಮಗಳಿವೆ. 2004ರ ಆವೃತ್ತಿ ಗೋಟೂವನ್ನು ಪೂರ್ತಿ ನಿಷೇಧಿಸಿತ್ತು, ಕಂಟಿನ್ಯೂವನ್ನೂ ಬಿಟ್ಟಿರಲಿಲ್ಲ. 2012ರ ಆವೃತ್ತಿಯಲ್ಲಿ ನಿಲುವು ಸಡಿಲವಾಯಿತು. ಗೋಟೂ ಬೇಡ ಎನ್ನುವುದು ಈಗ ಸಲಹೆ ಮಾತ್ರ. ಕಡ್ಡಾಯವಾಗಿ ಉಳಿದದ್ದು ಎರಡು: ಹಾರಿದರೆ ಅದೇ ಫಂಕ್ಷನ್‌ನಲ್ಲಿ ಕೆಳಕ್ಕೇ ಹಾರಬೇಕು, ಲೇಬಲ್ ಅದೇ ಬ್ಲಾಕ್‌ನಲ್ಲಿ ಅಥವಾ ಅದನ್ನು ಸುತ್ತಿರುವ ಬ್ಲಾಕ್‌ನಲ್ಲಿ ಇರಬೇಕು. ಅಂದರೆ ಒಳಗಿಂದ ಹೊರಗೆ ಬರಬಹುದು, ಹೊರಗಿಂದ ಒಳಗೆ ನುಗ್ಗುವಂತಿಲ್ಲ.

ಅರ್ಧವಿರಾಮ ಅವರು ಪರೀಕ್ಷೆಯಲ್ಲಿ ಬರೆದ ಗೋಟೂ ಈ ಎರಡು ಕಡ್ಡಾಯ ನಿಯಮಗಳನ್ನೂ ಪಾಲಿಸುತ್ತದೆ. ಕೆಂಪುಶಾಯಿ ಅವರು ತಿದ್ದಿದ ಮೂರು ಲೇಬಲ್‌ಗಳ ಪ್ರೋಗ್ರಾಂ ಮೊದಲ ನಿಯಮದಲ್ಲೇ ಸೋಲುತ್ತದೆ. ಎರಡಕ್ಕೂ ಒಂದೇ ಕೆಂಪು ಗೆರೆ ಎಳೆಯುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ತಂತಿಮನೆ · ಶನಿವಾರ, ರಾತ್ರಿ 10:15

ಗೋಟೂ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಬ್ರೇಕ್ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ದೂರಸಂಪರ್ಕದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳಾಗಿ ಇದನ್ನು ಹೇಳಲೇಬೇಕು.

1990ರ ಜನವರಿ 15. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಮಧ್ಯಾಹ್ನದಿಂದ ಸುಮಾರು ಒಂಬತ್ತು ಗಂಟೆ ಕಾಲ ಕುಸಿದುಬಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಕರೆಗಳು ಸೇರಬೇಕಾದಲ್ಲಿಗೆ ಸೇರಲಿಲ್ಲ. ಯಾರೋ ದಾಳಿ ಮಾಡಿದ್ದಲ್ಲ, ತಂತಿ ಕಡಿದದ್ದೂ ಅಲ್ಲ. ಹಿಂದಿನ ಡಿಸೆಂಬರ್‌ನಲ್ಲಿ 114 ವಿನಿಮಯ ಕೇಂದ್ರಗಳಿಗೂ ಹಾಕಿದ್ದ ಹೊಸ ತಂತ್ರಾಂಶದಲ್ಲಿ ಒಂದು ಬ್ರೇಕ್ ತಪ್ಪು ಜಾಗದಲ್ಲಿತ್ತು. ಆ ತಂತ್ರಾಂಶ ಬರೆದದ್ದು ಸಿಯಲ್ಲಿ.

ಸ್ವಿಚ್ ಹೇಳಿಕೆಯ ಒಂದು ಕೇಸ್, ಅದರೊಳಗೆ ಷರತ್ತು ನೋಡುವ ಇಫ್, ಆ ಇಫ್‌ನೊಳಗೆ ಬ್ರೇಕ್. ಬರೆದವರ ಲೆಕ್ಕದಲ್ಲಿ ಅದು ಇಫ್‌ನಿಂದ ಹೊರಬಂದು ಕೆಳಗಿನ ಕೆಲಸಕ್ಕೆ ಹೋಗಬೇಕಿತ್ತು. ಆದರೆ ಬ್ರೇಕ್‌ಗೆ ಇಫ್ ಕಾಣುವುದೇ ಇಲ್ಲ. ಅದು ಸ್ವಿಚ್‌ನಿಂದಲೇ ಹೊರಬಿತ್ತು, ಕೆಳಗಿದ್ದ ಕೆಲಸ ಉಳಿದುಹೋಯಿತು, ದತ್ತಾಂಶ ಕೆಟ್ಟಿತು. ಕೆಟ್ಟದ್ದು ಗೊತ್ತಾದ ಕೇಂದ್ರ ತನ್ನನ್ನು ತಾನೇ ಮರುಚಾಲನೆ ಮಾಡಿಕೊಂಡಿತು. ಚೇತರಿಸಿಕೊಂಡು ಸಂದೇಶ ಕಳಿಸಿದಾಗ ನೆರೆಯ ಕೇಂದ್ರಗಳಲ್ಲಿ ಅದೇ ಸಾಲು ಓಡಿತು, ಅವೂ ಮಲಗಿದವು. ಅವು ಎದ್ದು ಕಳಿಸಿದ ಸಂದೇಶಗಳು ಇನ್ನಷ್ಟು ಕೇಂದ್ರಗಳನ್ನು ಮಲಗಿಸಿದವು. ಕೊನೆಗೆ ಜಾಲದ ಮೇಲಿನ ಸಂದೇಶಗಳ ಹೊರೆ ಇಳಿಸಿದ ಮೇಲೆ ಈ ಸರಪಳಿ ತುಂಡಾಯಿತು.

ಒಂದು ಕಿವಿಮಾತು: ಸ್ವಿಚ್‌ನೊಳಗಿನ ಕೇಸ್ ಒಂದು ಪರದೆಗಿಂತ ಉದ್ದವಾದರೆ, ಆ ಕೆಲಸವನ್ನು ಬೇರೆ ಫಂಕ್ಷನ್‌ಗೆ ಕೊಟ್ಟುಬಿಡಿ. ಬ್ರೇಕ್ ಮತ್ತು ಅದರ ಸ್ವಿಚ್ ಎರಡೂ ಒಂದೇ ನೋಟಕ್ಕೆ ಕಾಣಬೇಕು.

ಅರ್ಧವಿರಾಮ · ಭಾನುವಾರ, ಬೆಳಿಗ್ಗೆ 7:30

ತಂತಿಮನೆ ಮೇಡಂ, ಓದಿ ದಿಗಿಲಾಯಿತು. 'ಬ್ರೇಕ್ ಇಫ್‌ನಿಂದ ಹೊರಗೆ ತರುತ್ತದೆ' ಎಂದು ನಾನೂ ಕಳೆದ ತಿಂಗಳವರೆಗೆ ನಂಬಿದ್ದೆ. ಲೂಪ್‌ನೊಳಗೆ ಸ್ವಿಚ್ ಇದ್ದು, ಕೇಸ್‌ನಲ್ಲಿ ಕಂಟಿನ್ಯೂ ಬರೆದರೆ ಏನಾಗುತ್ತದೆ? ಅದೂ ಸ್ವಿಚ್‌ಗೆ ಅಂಟಿಕೊಳ್ಳುತ್ತದೆಯೇ?

ಹಳೆಲೆಕ್ಕ · ಭಾನುವಾರ, ಬೆಳಿಗ್ಗೆ 8:05

ಇಲ್ಲ. ಕಂಟಿನ್ಯೂಗೆ ಲೂಪ್ ಮಾತ್ರ ಗೊತ್ತು, ಸ್ವಿಚ್ ಗೊತ್ತಿಲ್ಲ. ಒಂದೇ ಕೇಸ್‌ನಲ್ಲಿ ಬರೆದ ಬ್ರೇಕ್ ಸ್ವಿಚ್‌ನ ಕೆಳಕ್ಕೆ ಹೋಗುತ್ತದೆ, ಕಂಟಿನ್ಯೂ ಲೂಪ್‌ನ ಮುಂದಿನ ಸುತ್ತಿಗೆ ಹೋಗುತ್ತದೆ.

ಮಳೆಬಿಲ್ಲು · ಭಾನುವಾರ, ಬೆಳಿಗ್ಗೆ 9:40

ಕಂಟಿನ್ಯೂ ಮಾತು ಬಂದದ್ದರಿಂದ ನಾನು ಒಂದು ರಾತ್ರಿ ಕಳೆದುಕೊಂಡ ಕಥೆ. ಅರವತ್ತು ವಿದ್ಯಾರ್ಥಿಗಳ ಅಂಕಗಳ ಅರೇ, ಗೈರುಹಾಜರಾದವರಿಗೆ -1. ಸರಾಸರಿ ತೆಗೆಯುವಾಗ ಗೈರಾದವರನ್ನು ಬಿಡಬೇಕು. ವೈಲ್ ಲೂಪ್ ಬರೆದು, ಬೆಲೆ -1 ಇದ್ದರೆ ಕಂಟಿನ್ಯೂ ಎಂದೆ. ಐಯನ್ನು ಒಂದು ಹೆಚ್ಚಿಸುವ ಸಾಲು ಲೂಪ್‌ನ ಕೊನೆಯಲ್ಲಿತ್ತು.

ಓಡಿಸಿದೆ. ಪರದೆಯಲ್ಲಿ ಏನೂ ಇಲ್ಲ, ಲ್ಯಾಪ್‌ಟಾಪ್‌ನ ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತಿದೆ. ಮೊದಲ ಗೈರುಹಾಜರಿ ಇದ್ದದ್ದು ಐ 7ರಲ್ಲಿ. ಅಲ್ಲಿ ಕಂಟಿನ್ಯೂ ನೇರವಾಗಿ ವೈಲ್‌ನ ಷರತ್ತಿಗೆ ಹಾರುತ್ತದೆ. ಐ ಹೆಚ್ಚಿಸುವ ಸಾಲು ಸಿಗುವುದೇ ಇಲ್ಲ. ಐ 7, ಮತ್ತೆ 7, ಮತ್ತೆ 7. ಅದನ್ನೇ ಫಾರ್ ಲೂಪ್‌ಗೆ ಬದಲಿಸಿದ ಕೂಡಲೇ ಸರಿಯಾಯಿತು. ಫಾರ್‌ನಲ್ಲಿ ಕಂಟಿನ್ಯೂ ಹೋಗುವುದು ಮೂರನೆಯ ಭಾಗಕ್ಕೆ, ಅಂದರೆ ಐ ಹೆಚ್ಚಾಗುವ ಜಾಗಕ್ಕೆ. ಡೂ-ವೈಲ್‌ನಲ್ಲಿ ಕೆಳಗಿನ ಷರತ್ತಿಗೆ ಹೋಗುತ್ತದೆ, ಮೇಲಕ್ಕಲ್ಲ. ಇದನ್ನು ಮರೆತು ಮೋಸ ಹೋದವರೂ ಇದ್ದಾರೆ.

ಅಂದಿನಿಂದ ವೈಲ್ ಒಳಗೆ ಕಂಟಿನ್ಯೂ ಬರೆಯುವ ಮುಂಚೆ ಹೆಚ್ಚಿಸುವ ಸಾಲು ಎಲ್ಲಿದೆ ಎಂದು ಬೆರಳಿಟ್ಟು ನೋಡುತ್ತೇನೆ.

ಸೋಗೆಚಪ್ಪರ · ಭಾನುವಾರ, ಬೆಳಿಗ್ಗೆ 11:20

ಲಿನಕ್ಸ್ ಕರ್ನಲ್‌ಗೆ (ಆ ಆಪರೇಟಿಂಗ್ ಸಿಸ್ಟಂನ ತಿರುಳು) ಡ್ರೈವರ್, ಅಂದರೆ ಸಾಧನಗಳನ್ನು ನಡೆಸುವ ಕೋಡ್ ಬರೆಯುತ್ತೇನೆ. ನಮ್ಮಲ್ಲಿ ಗೋಟೂ ನಿತ್ಯದ ಮಾತು. ಕರ್ನಲ್‌ನ ಕೋಡಿಂಗ್ ಶೈಲಿಯ ದಾಖಲೆಯೇ ಅದಕ್ಕೊಂದು ಅಧ್ಯಾಯ ಇಟ್ಟಿದೆ. ಏಕೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮೂರಲ್ಲಿ ಮದುವೆಗೆ ಚಪ್ಪರ ಹಾಕುವಾಗ ಮೊದಲು ಕಂಬ ನೆಡುತ್ತಾರೆ, ಮೇಲೆ ದಬ್ಬೆ ಕಟ್ಟುತ್ತಾರೆ, ಆಮೇಲೆ ಸೋಗೆ ಹೊದಿಸುತ್ತಾರೆ. ಬಿಚ್ಚುವಾಗ ತಿರುಗುಮುರುಗು: ಸೋಗೆ ಮೊದಲು, ಕಂಬ ಕೊನೆಗೆ. ದಬ್ಬೆ ಕಟ್ಟುವಾಗಲೇ ಕೆಲಸ ನಿಂತರೆ ಸೋಗೆ ತೆಗೆಯುವ ಮಾತಿಲ್ಲ, ಕಂಬ ಮಾತ್ರ ಕೀಳಬೇಕು.

ಡ್ರೈವರ್ ಆರಂಭವಾಗುವುದೂ ಹೀಗೆಯೇ. ಮೊದಲು ಮೆಮೊರಿ ಪಡೆಯಬೇಕು, ಆಮೇಲೆ ಇಂಟರಪ್ಟ್ (ಸಾಧನ ಪ್ರೊಸೆಸರ್ ಅನ್ನು ಕರೆಯುವ ಸಂಕೇತ) ಪಡೆಯಬೇಕು, ಕೊನೆಗೆ ಸಾಧನವನ್ನು ನೋಂದಾಯಿಸಬೇಕು. ಯಾವ ಹಂತದಲ್ಲಾದರೂ ಸೋಲಬಹುದು. ಪ್ರತಿ ಸೋಲಿಗೂ ಅಲ್ಲಲ್ಲೇ ರಿಟರ್ನ್ ಬರೆದರೆ, ಪ್ರತಿಯೊಂದರ ಮುಂದೆಯೂ ಅಲ್ಲಿಯವರೆಗೆ ಪಡೆದದ್ದನ್ನೆಲ್ಲ ಹಿಂದಿರುಗಿಸುವ ಸಾಲುಗಳನ್ನು ಮತ್ತೆ ಮತ್ತೆ ಬರೆಯಬೇಕು. ಮುಂದಿನ ವರ್ಷ ಯಾರೋ ನಡುವೆ ನಾಲ್ಕನೆಯ ಹಂತ ಸೇರಿಸುತ್ತಾರೆ, ಒಂದು ರಿಟರ್ನ್ ಮುಂದೆ ಹಿಂದಿರುಗಿಸುವುದನ್ನು ಮರೆಯುತ್ತಾರೆ, ಮೆಮೊರಿ ಸೋರುತ್ತದೆ.

ಗೋಟೂ ಇದ್ದರೆ ಬಿಚ್ಚುವ ಕೆಲಸವೆಲ್ಲ ಫಂಕ್ಷನ್‌ನ ಕೊನೆಯಲ್ಲಿ ಒಂದೇ ಕಡೆ, ತಿರುಗುಮುರುಗಾದ ಕ್ರಮದಲ್ಲಿ ಇರುತ್ತದೆ. ಮೇಲಿನ ಲೇಬಲ್ ಇಂಟರಪ್ಟ್ ಬಿಡುತ್ತದೆ, ಅದರ ಕೆಳಗಿನದು ಮೆಮೊರಿ ಬಿಡುತ್ತದೆ, ಕೊನೆಗೆ ದೋಷದ ಸಂಖ್ಯೆಯೊಂದಿಗೆ ಒಂದೇ ರಿಟರ್ನ್. ನೋಂದಣಿ ಸೋತರೆ ಮೇಲಿನ ಲೇಬಲ್‌ಗೆ, ಇಂಟರಪ್ಟ್ ಸಿಗದಿದ್ದರೆ ಕೆಳಗಿನದಕ್ಕೆ. ಹಾರುವುದೆಲ್ಲ ಕೆಳಕ್ಕೇ. ಲೇಬಲ್‌ಗೆ 'ದೋಷ ಒಂದು', 'ದೋಷ ಎರಡು' ಎಂದು ಹೆಸರಿಡಬೇಡಿ, ಅಲ್ಲಿ ಏನು ನಡೆಯುತ್ತದೋ ಅದನ್ನೇ ಹೆಸರಾಗಿಸಿ, 'ಬಫರ್ ಬಿಡು' ಎಂಬಂತೆ. ಕರ್ನಲ್ ದಾಖಲೆಯ ಸಲಹೆಯೂ ಇದೇ.

ಒಂದು ಅಪಾಯ ಮಾತ್ರ ನೆನಪಿರಲಿ. ವೇರಿಯಬಲ್‌ಗೆ ಆರಂಭದ ಬೆಲೆ ಕೊಡುವ ಸಾಲನ್ನು ಗೋಟೂ ದಾಟಿ ಹಾರಿದರೆ ಸಿ ತಡೆಯುವುದಿಲ್ಲ. ಸಿ++ ಆದರೆ ಕಂಪೈಲ್ ಆಗದು. ಆ ವೇರಿಯಬಲ್ ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವುದು) ಆಗಿದ್ದರೆ ಸಿಯಲ್ಲಿ ಅದರೊಳಗೆ ಕಸದ ಬೆಲೆ ಇರುತ್ತದೆ, ಲೇಬಲ್‌ನ ಕೆಳಗೆ ಅದನ್ನೇ ಫ್ರೀ ಮಾಡಿದರೆ (ಮೆಮೊರಿ ಹಿಂದಿರುಗಿಸಿದರೆ) ಪ್ರೋಗ್ರಾಂ ಬೀಳುತ್ತದೆ. ಬಿಡಬೇಕಾದ ಪಾಯಿಂಟರ್‌ಗಳನ್ನೆಲ್ಲ ಫಂಕ್ಷನ್‌ನ ಮೊದಲಲ್ಲೇ ಘೋಷಿಸಿ ನಲ್ (ಎಲ್ಲಿಗೂ ತೋರಿಸದ ಬೆಲೆ) ಕೊಟ್ಟುಬಿಡಿ. ನಲ್ ಅನ್ನು ಫ್ರೀ ಮಾಡಿದರೆ ಏನೂ ಆಗುವುದಿಲ್ಲ.

ಕೆಂಪುಶಾಯಿ · ಭಾನುವಾರ, ಮಧ್ಯಾಹ್ನ 1:10

ಚಪ್ಪರದ ಹೋಲಿಕೆಯನ್ನು ನಾಳೆಯ ತರಗತಿಗೆ ಒಯ್ಯುತ್ತೇನೆ. ಆದರೂ ಕೇಳುತ್ತೇನೆ, ಕೆಳಕ್ಕೇ ಹಾರುವ ಶಿಸ್ತಿನ ಗೋಟೂ ಕೂಡ ಕೈಕೊಟ್ಟ ಪ್ರಸಂಗ ಇದೆಯಲ್ಲ? 2014ರ ಆಪಲ್ ದೋಷ.

ಬೆಸುಗೆ · ಭಾನುವಾರ, ಮಧ್ಯಾಹ್ನ 2:00

ಇದೆ. ಅದನ್ನು ಮುಚ್ಚಿಟ್ಟು ವಾದ ಮಾಡುವಂತಿಲ್ಲ. 2014ರ ಫೆಬ್ರುವರಿ 21ರಂದು ಐಫೋನ್‌ನ ತಂತ್ರಾಂಶ ಐಓಎಸ್ 7.0.6 ಬಿಡುಗಡೆಯಾದಾಗ ಅದು ಹೊರಗೆ ಬಂತು. ಸುರಕ್ಷಿತ ಸಂಪರ್ಕದಲ್ಲಿ ಎದುರಿನ ಸರ್ವರ್‌ನ ಸಹಿ ಪರೀಕ್ಷಿಸುವ ಫಂಕ್ಷನ್ ಅದು. ಸಾಲಾಗಿ ಇಫ್‌ಗಳು, ಪ್ರತಿ ಇಫ್‌ನ ಕೆಳಗೆ 'ಫೇಲ್' ಎಂಬ ಲೇಬಲ್‌ಗೆ ಗೋಟೂ. ಸೋಗೆಚಪ್ಪರ ಅವರು ಹೇಳಿದ ಮಾದರಿಯೇ. ಆದರೆ ಒಂದು ಇಫ್‌ನ ಕೆಳಗೆ ಆ ಗೋಟೂ ಸಾಲು ಎರಡು ಸಲ ಇತ್ತು. ಆವರಣ ಚಿಹ್ನೆಗಳಿರಲಿಲ್ಲ. ಮೊದಲನೆಯದು ಇಫ್‌ಗೆ ಸೇರಿತು. ಎರಡನೆಯದು, ಕಣ್ಣಿಗೆ ಒಳಗೆ ಸರಿದಂತೆ ಕಂಡರೂ, ಇಫ್‌ನ ಹೊರಗಿನ ಸ್ವತಂತ್ರ ಸಾಲು. ಅದು ಪ್ರತಿ ಸಲವೂ ಓಡಿತು. ಸಹಿಯನ್ನು ನಿಜವಾಗಿ ಪರೀಕ್ಷಿಸುವ ಕೊನೆಯ ಹೆಜ್ಜೆ ಅದರ ಕೆಳಗಿತ್ತು, ಅಲ್ಲಿಗೆ ತಲುಪಲೇ ಇಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಆ ಹೊತ್ತಿಗೆ ದೋಷದ ವೇರಿಯಬಲ್‌ನಲ್ಲಿ ಇದ್ದದ್ದು ಸೊನ್ನೆ, ಅಂದರೆ 'ಎಲ್ಲ ಸರಿ'. 'ಫೇಲ್' ಎಂಬ ಹೆಸರಿನ ಲೇಬಲ್‌ಗೆ ಹೋಗಿ ಫಂಕ್ಷನ್ ಗೆಲುವನ್ನು ಹಿಂದಿರುಗಿಸಿತು. ಸಹಿ ಸುಳ್ಳಾಗಿದ್ದರೂ ಫೋನ್ ನಂಬಿತು.

ಇಫ್‌ಗೆ ಆವರಣ ಚಿಹ್ನೆ ಹಾಕಿದ್ದರೆ ಎರಡನೆಯ ಗೋಟೂ ಒಳಗೇ ಉಳಿದು, ಎಂದೂ ಓಡದ ಸಾಲಾಗುತ್ತಿತ್ತು. ಅದೇ ಜಾಗದಲ್ಲಿ ಗೋಟೂ ಬದಲು 'ರಿಟರ್ನ್' ಎರಡು ಸಲ ಇದ್ದಿದ್ದರೂ ಅನಾಹುತ ಅಷ್ಟೇ. ಹಾಗಾಗಿ ಮಿಸ್ರಾದ ಇನ್ನೊಂದು ನಿಯಮವನ್ನು ನಾನು ಕಣ್ಣಿಗೊತ್ತಿಕೊಂಡು ಪಾಲಿಸುತ್ತೇನೆ: ಒಂದೇ ಸಾಲಿದ್ದರೂ ಇಫ್‌ಗೆ ಆವರಣ ಇರಲೇಬೇಕು.

ಕಂಪೈಲರ್‌ನ ಎಚ್ಚರಿಕೆಗಳನ್ನೂ ಆನ್ ಮಾಡಿಕೊಳ್ಳಿ. ಜಿಸಿಸಿ ಎಂಬ ಕಂಪೈಲರ್‌ನ 6ನೇ ಆವೃತ್ತಿಯಿಂದ, ಅಂದರೆ 2016ರಿಂದ, ಸಾಲು ಒಳಗೆ ಸರಿದಂತೆ ಕಂಡು ಮಾಡುವ ಈ ಬಗೆಯ ಮೋಸವನ್ನು 'ವಾಲ್' (-Wall) ಆಯ್ಕೆಯೇ ಹಿಡಿದು ತೋರಿಸುತ್ತದೆ. ಕೇಸ್‌ನ ಕೊನೆಗೆ ಬ್ರೇಕ್ ಮರೆತು ಮುಂದಿನ ಕೇಸ್‌ಗೆ ಜಾರಿದರೆ ಜಿಸಿಸಿ 7ರಿಂದ 'ಡಬ್ಲ್ಯೂ ಎಕ್ಸ್‌ಟ್ರಾ' (-Wextra) ಆಯ್ಕೆ ಹೇಳುತ್ತದೆ. ಬೇಕೆಂದೇ ಜಾರುವುದಿದ್ದರೆ ಹಾಗೆಂದು ಕೋಡ್‌ನಲ್ಲೇ ಗುರುತು ಹಾಕಬೇಕು. ಸಿ23 ಮಾನಕ ಅದಕ್ಕೊಂದು ಅಧಿಕೃತ ಗುರುತನ್ನು ಕೊಟ್ಟಿದೆ.

ಹಳೆಲೆಕ್ಕ · ಭಾನುವಾರ, ಸಂಜೆ 4:30

ಅರ್ಧವಿರಾಮ ಅವರ ಮೂಲ ಪ್ರಶ್ನೆಗೆ ಮರಳೋಣ. ಎರಡು ಲೂಪ್‌ಗಳಿಂದ ಹೊರಬರಲು ಫ್ಲ್ಯಾಗ್ ಬಳಸಿ ಎಂದು ಅನೇಕರು ಹೇಳುತ್ತಾರೆ. 'ಸಿಕ್ಕಿತೇ' ಎಂಬ ವೇರಿಯಬಲ್ ಇಟ್ಟು, ಒಳಗೆ ಅದನ್ನು 1 ಮಾಡಿ ಬ್ರೇಕ್, ಹೊರಗಿನ ಲೂಪ್‌ನಲ್ಲಿ ಅದನ್ನು ನೋಡಿ ಮತ್ತೊಂದು ಬ್ರೇಕ್. ಕೆಲಸ ಆಗುತ್ತದೆ. ಆದರೆ ಓದುವವನಿಗೆ ಒಂದು ಹೊಸ ವೇರಿಯಬಲ್, ಎರಡು ಬೋರ್ಡಿಲ್ಲದ ಬಸ್ಸು. ನನಗೆ ಇದಕ್ಕಿಂತ ನಿಮ್ಮ ಗೋಟೂವೇ ಸ್ವಚ್ಛವಾಗಿ ಕಾಣುತ್ತದೆ. ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ, ಬ್ರಯಾನ್ ಕರ್ನಿಗನ್ ಜೊತೆ ಸೇರಿ ಬರೆದ ಪಠ್ಯದಲ್ಲಿ ಗೋಟೂ ಅಪರೂಪಕ್ಕೆ ಮಾತ್ರ ಎಂದು ಹೇಳಿಯೂ, ಒಂದರೊಳಗೊಂದಿರುವ ಲೂಪ್‌ಗಳಿಂದ ಒಮ್ಮೆಗೇ ಹೊರಬರುವುದನ್ನು ಅದು ಸಲ್ಲುವ ಜಾಗವೆಂದು ತೋರಿಸಿದ್ದಾರೆ.

ಎಲ್ಲಕ್ಕಿಂತ ಒಳ್ಳೆಯದು ರಿಟರ್ನ್. ಹುಡುಕುವ ಕೆಲಸವನ್ನೇ ಬೇರೆ ಫಂಕ್ಷನ್ ಮಾಡಿ. ಸಿಕ್ಕರೆ ಜಾಗವನ್ನು ಪಾಯಿಂಟರ್‌ಗಳಲ್ಲಿ ತುಂಬಿ 1 ಹಿಂದಿರುಗಿಸಿ, ಎರಡೂ ಲೂಪ್‌ಗಳ ಕೆಳಗೆ 0 ಹಿಂದಿರುಗಿಸಿ. ರಿಟರ್ನ್‌ಗೆ ಎಷ್ಟು ಲೂಪ್‌ಗಳಿದ್ದರೂ ಲೆಕ್ಕವಿಲ್ಲ. ಬೋರ್ಡ್ ಬೇಕಾಗಿಯೂ ಇಲ್ಲ, ಅದು ಹೋಗುವುದು ಯಾವಾಗಲೂ ಕರೆದವರ ಮನೆಗೇ. ಸಂಖ್ಯೆ ಸಿಗದೇ ಇದ್ದಾಗ ಏನು ಮುದ್ರಿಸಬೇಕು ಎಂಬ ಪ್ರಶ್ನೆಯೂ ತಾನಾಗಿ ಬಗೆಹರಿಯುತ್ತದೆ. ನಿಮ್ಮ ಗೋಟೂ ಆವೃತ್ತಿಯಲ್ಲಿ 17 ಇಲ್ಲದಿದ್ದರೆ ಏನು ಬರುತ್ತಿತ್ತು, ಒಮ್ಮೆ ನೋಡಿ.

ಅರ್ಧವಿರಾಮ · ಭಾನುವಾರ, ರಾತ್ರಿ 9:50

ನೋಡಿದೆ ಸರ್. 17ರ ಬದಲು 99 ಹುಡುಕಿದರೆ ಲೂಪ್‌ಗಳು ಮುಗಿದು ಸಹಜವಾಗಿಯೇ ಆ ಲೇಬಲ್‌ಗೆ ಬಂದು, ಮತ್ತೆ 3 ಮತ್ತು 4 ಎಂದೇ ಮುದ್ರಿಸುತ್ತದೆ. ಲೇಬಲ್ ಎಂದರೆ ಬಾಗಿಲಲ್ಲ, ಮೇಲಿಂದ ಬಂದವರೂ ಅದರೊಳಗೇ ಹಾದುಹೋಗುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಮೂರು ಅಂಕ ಇದಕ್ಕೆಂದು ಕಳೆದಿದ್ದರೆ ಒಪ್ಪುತ್ತಿದ್ದೆ. ಈಗ ಫಂಕ್ಷನ್ ಮಾಡಿ ಬರೆದೆ, 99ಕ್ಕೆ 'ಇಲ್ಲ' ಎನ್ನುತ್ತದೆ.

ತಂತಿಮನೆ ಮೇಡಂ ಹೇಳಿದ ಮೇಲೆ ನನ್ನ ಹಳೆಯ ಪ್ರೋಗ್ರಾಂಗಳನ್ನೂ ತೆರೆದು ಬ್ರೇಕ್‌ಗಳನ್ನು ಹುಡುಕಿದೆ. ಲಿಂಕ್ಡ್ ಲಿಸ್ಟ್‌ನ (ಒಂದಕ್ಕೊಂದು ಕೊಂಡಿ ಹಾಕಿದ ನೋಡ್‌ಗಳ ಪಟ್ಟಿ) ಮೆನು ಪ್ರೋಗ್ರಾಂ ಒಂದಿದೆ. ನಿಲ್ಲದ ವೈಲ್ ಲೂಪ್, ಅದರೊಳಗೆ ಸ್ವಿಚ್, 5 ಒತ್ತಿದರೆ ಮುಗಿಯಬೇಕು. ಬರೆಯುವಾಗ ಕೇಸ್ 5ರಲ್ಲಿ ಬ್ರೇಕ್ ಹಾಕಿದ್ದೆ, ಮೆನು ಮತ್ತೆ ಮತ್ತೆ ಬರುತ್ತಿತ್ತು. ಕಾರಣ ತಿಳಿಯದೆ, ಗೆಳತಿಯ ರೆಕಾರ್ಡ್ ಪುಸ್ತಕ ನೋಡಿ ಎಕ್ಸಿಟ್ ಸೊನ್ನೆ ಎಂದು ಬರೆದು ಬಿಟ್ಟಿದ್ದೆ. ಅದು ಜಂಪ್ ಹೇಳಿಕೆಯೂ ಅಲ್ಲ, ಪ್ರೋಗ್ರಾಂ ಅನ್ನೇ ಅಲ್ಲೇ ಮುಗಿಸುವ ಲೈಬ್ರರಿ ಫಂಕ್ಷನ್ ಎಂದು ಈಗ ಓದಿದೆ.

ಸೋಗೆಚಪ್ಪರ · ಭಾನುವಾರ, ರಾತ್ರಿ 10:05

ಆ ಲೂಪ್‌ನ ಕೆಳಗೆ ಏನಾದರೂ ಬರೆದಿದ್ದಿರಾ?

ಅರ್ಧವಿರಾಮ · ಭಾನುವಾರ, ರಾತ್ರಿ 10:40

ಬರೆದಿದ್ದೆ. ಪಟ್ಟಿಯ ನೋಡ್‌ಗಳನ್ನು ಒಂದೊಂದಾಗಿ ಫ್ರೀ ಮಾಡುವ ಆರು ಸಾಲುಗಳು. ಈಗ ವೈಲ್‌ನ ಷರತ್ತನ್ನೇ 'ಆಯ್ಕೆ 5 ಅಲ್ಲದಿರುವವರೆಗೆ' ಎಂದು ಬದಲಿಸಿ, ಎಕ್ಸಿಟ್ ಅಳಿಸಿ, ಪ್ರತಿ ಫ್ರೀ ಮುಂದೆ ಒಂದು ಸಾಲು ಮುದ್ರಿಸುವ ಪ್ರಿಂಟ್‌ಎಫ್ ಇಟ್ಟು ಓಡಿಸಿದೆ. ನಾಲ್ಕು ಸಂಖ್ಯೆ ಸೇರಿಸಿ 5 ಒತ್ತಿದೆ. ನಾಲ್ಕು ಸಾಲು ಬಂದವು. ಕಳೆದ ಸೆಮಿಸ್ಟರ್‌ನಲ್ಲಿ ಬರೆದು, ರೆಕಾರ್ಡ್‌ಗೆ ಸಹಿಯನ್ನೂ ಹಾಕಿಸಿಕೊಂಡಿದ್ದ ಆ ಆರು ಸಾಲುಗಳು ಓಡಿದ್ದು ಇವತ್ತೇ ಮೊದಲು.